ಏಕಪಾಕಪ್ರವೀಣರು

ಅಡುಗೆಮನೆಯ ಹೊಸ್ತಿಲನ್ನು ದಾಟುವ ಮುನ್ನ ಕನ್ನಡಕವನ್ನು ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೂಗಿನ ಮೇಲೆ ಪ್ರತಿಷ್ಠಾಪಿಸಿಕೊಳ್ಳುವ ಗಂಡಸನ್ನು ಕಂಡರೆ ನನ್ನ ಹಸಿವು ಈಗಲೂ ಇಂಗಿಹೋಗುವುದು. ದಿನವೂ ಬೇಯಿಸುವವರಿಗೆ ಕನ್ನಡಕದ ಹಂಗಿಲ್ಲ. ಸಾಸಿವೆ ಸಿಡಿದ ಸದ್ದಿನಿಂದ ಒಗ್ಗರಣೆಯನ್ನೂ, ಏಳುವ ಆವಿಯಿಂದ ಉಪ್ಪನ್ನೂ ಅಳೆದು, ನಡುವೆ ಫೋನಿನಲ್ಲಿ ಯಾರದೋ ಮದುವೆಯ ಮಾತನ್ನೂ ಮುಗಿಸಿ, ಅವರು ಕೈಯೊರೆಸಿಕೊಂಡು ಹೊರಗೆ ಬಂದಾಗ ಊಟ ಸಿದ್ಧವಾಗಿರುತ್ತದೆ, ಅಷ್ಟೆ. ಕನ್ನಡಕ ಒರೆಸಿಕೊಳ್ಳುವವರ ಜಾತಿಯೇ ಬೇರೆ. ಅವರಿಗೆ ಬರುವುದು ಒಂದೇ ಪದಾರ್ಥ. ಆ ಒಂದು ಪದಾರ್ಥದ ವಿಷಯದಲ್ಲಿ ಅವರು ಸೂತ್ರಕಾರರೂ ಹೌದು, ಭಾಷ್ಯಕಾರರೂ ಹೌದು, ಪರಮತಖಂಡನೆಗೆ ಹೊರಟ ಜಗದ್ಗುರುಗಳೂ ಹೌದು. ಬೆಂಗಳೂರಿನಲ್ಲಿ ಇವರು ಬಹುಮಟ್ಟಿಗೆ ಫಿಲ್ಟರ್ ಕಾಫಿಯ ಕ್ಷೇತ್ರದಲ್ಲಿ ನೆಲೆಸಿರುವುದನ್ನು ಕಂಡಿದ್ದೇನೆ. ಮೈಸೂರಿನ ನನ್ನ ಸಹೋದ್ಯೋಗಿಯೊಬ್ಬರು ವರ್ಷಕ್ಕೊಮ್ಮೆ ಬಿಸಿಬೇಳೆಭಾತು ಮಾಡಿ, ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅದರ ಬಲದಿಂದ ಹೆಂಡತಿಯ ಸಾರಿನಲ್ಲಿ ದೋಷವೆಣಿಸುತ್ತಿದ್ದರು. ನಳಪಾಕ, ಭೀಮಪಾಕ ಎಂದು ನಾವು ಹೊಗಳುವುದುಂಟು. ಆದರೆ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಆಶ್ರಯದಲ್ಲಿ ನಳನೂ, ವಲಲನೆಂಬ ಹೆಸರಿನಿಂದ ವಿರಾಟನ ಅರಮನೆಯಲ್ಲಿ ಭೀಮನೂ ವೇಷ ಮರೆಸಿಕೊಂಡು ಸೌಟು ಹಿಡಿದವರಾದ್ದರಿಂದ, ಬಾಯಿ ಮುಚ್ಚಿಕೊಂಡೇ ಅಡುಗೆ ಮಾಡಿರಬೇಕೆಂಬ ಸೂಕ್ಷ್ಮವನ್ನು ನಮ್ಮ ಗಂಡಸರು ಗಮನಿಸಿದಂತೆ ತೋರುವುದಿಲ್ಲ.

ನನಗೆ ಪ್ರಾಪ್ತವಾದ ಮಾದರಿ ನನ್ನ ಭಾವನವರು. ಅವರ ಪದಾರ್ಥ ಟ್ಯೂನಾ ಸ್ಯಾಂಡ್‌ವಿಚ್. ಗಂಗೊಳ್ಳಿಯ ಬಂದರಿನಿಂದ ಕೂಗಳತೆಯಲ್ಲಿ ಹುಟ್ಟಿ, ಕಣ್ಣು ಮಿನುಗುವ ಬಂಗುಡೆಯಲ್ಲದೆ ಬೇರೆ ಬಂಗುಡೆಯನ್ನು ಅಂಗಳಕ್ಕೆ ಸೇರಿಸದ ಮನೆಯಲ್ಲಿ ಬೆಳೆದು, ಅಮೆರಿಕಕ್ಕೆ ಹೋಗಿ, ನ್ಯೂಜೆರ್ಸಿಯಲ್ಲಿ ಸೇತುವೆಗಳ ಎಂಜಿನಿಯರಾಗಿ ನಿವೃತ್ತರಾದವರು ಅವರು. ೨೦೧೩ರಲ್ಲಿ, ನಾನೂ ಅಧ್ಯಾಪಕವೃತ್ತಿಯಿಂದ ಬಿಡುಗಡೆ ಹೊಂದಿದ ಮೇಲೆ, ಅಕ್ಕನ ಒತ್ತಾಯಕ್ಕೆ ಕಟ್ಟುಬಿದ್ದು ಅವರ ಮನೆಯಲ್ಲಿ ಆರು ತಿಂಗಳು ಇದ್ದೆನು. ಆರು ತಿಂಗಳೆಂದರೆ ಇಪ್ಪತ್ತಾರು ಭಾನುವಾರಗಳು. ಶನಿವಾರ ಸೋಮವಾರಗಳಂದು ಮೀನು ಮುಟ್ಟದ ಮನೆತನವಾದ್ದರಿಂದ, ಎರಡು ನಿಷೇಧಗಳ ನಡುವೆ ಸಿಕ್ಕಿಕೊಂಡ ಆ ಭಾನುವಾರಕ್ಕೆ ಭಾವನವರ ಕಣ್ಣಿನಲ್ಲಿ ಸಂಕ್ರಮಣದ ಪುಣ್ಯಕಾಲದ ಮಹತ್ವವಿತ್ತು.

ಈ ಪದಾರ್ಥವನ್ನು ಅರಿಯದ ಓದುಗರಿಗಾಗಿ ಎರಡು ಮಾತು: ಡಬ್ಬಿಯಲ್ಲಿ ಬೇಯಿಸಿಟ್ಟ ಟ್ಯೂನಾ ಮೀನನ್ನು ಬಸಿದು, ಮೊಟ್ಟೆಯ ಹಳದಿ ಮತ್ತು ಎಣ್ಣೆಯನ್ನು ಕಡೆದು ಮಾಡುವ ಮೇಯೊನೇಸಿನಲ್ಲಿ ಕಲಸಿ, ಹೆಚ್ಚಿದ ಈರುಳ್ಳಿ, ಸೆಲರಿಯ ದಂಟು, ಒಂದಿಷ್ಟು ನಿಂಬೆರಸ, ಮೆಣಸಿನಪುಡಿ ಸೇರಿಸಿ, ಎರಡು ಬ್ರೆಡ್ಡುಗಳ ನಡುವೆ ಇಟ್ಟರೆ ಮುಗಿಯಿತು. ಅಮೆರಿಕದ ಶಾಲಾಬಾಲಕನು, ಬಸ್ಸು ತಿರುವಿನಲ್ಲಿ ಕಾಣಿಸಿದ ಮೇಲೆ ಶುರುಮಾಡಿ, ಬಸ್ಸು ಬಾಗಿಲಿಗೆ ಬರುವುದರೊಳಗೆ ಮುಗಿಸಿಕೊಂಡು ಓಡುವ ತಿಂಡಿ ಇದು. ಭಾವನವರಿಗೆ ಒಂದು ಗಂಟೆ ಹತ್ತು ನಿಮಿಷ ಬೇಕಾಗುತ್ತಿತ್ತು; ಹನ್ನೊಂದು ಪಾತ್ರೆಗಳೂ ಬೇಕಾಗುತ್ತಿದ್ದುವು. ಪಾತ್ರೆಗಳನ್ನು ನಾನೇ ಎಣಿಸಿದ್ದೇನೆ, ಏಕೆಂದರೆ ತೊಳೆಯುತ್ತಿದ್ದ ಅಕ್ಕನ ಪಕ್ಕದಲ್ಲಿ ಒರೆಸುತ್ತಿದ್ದವನು ನಾನು.

ಪೂರ್ವಕರ್ಮವು ಅಂಗಡಿಯಲ್ಲಿಯೇ ಆರಂಭವಾಗುವುದು. ಡಬ್ಬಿಗಳ ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿ, ‘ಬಿಳಿ’ ಎಂಬ ಶಬ್ದವನ್ನು ಆ ದೇಶದ ನಿಯಮದ ಪ್ರಕಾರ ಆಲ್ಬಕೋರ್ ಎಂಬ ಜಾತಿಗೆ ಮಾತ್ರ ಮುದ್ರಿಸಬಹುದೆಂದೂ, ‘ತಿಳಿ’ ಎಂದಿರುವಲ್ಲಿ ಬಹುಮಟ್ಟಿಗೆ ಸ್ಕಿಪ್‌ಜಾಕ್ ಇರುವುದೆಂದೂ, ದೊಡ್ಡ ಮೀನಿನಲ್ಲಿ ಪಾದರಸದ ಅಂಶ ಹೆಚ್ಚಾದ್ದರಿಂದ ಬಿಳಿಯ ಭೋಗವನ್ನು ವಾರಕ್ಕೊಮ್ಮೆಗೆ ಮಿತಗೊಳಿಸಬೇಕೆಂದೂ ಅವರು ಬೋಧಿಸಿದರು. ನಾನು ಸಹಜವಾಗಿ, “ಭಾವ, ಇದು ನಮ್ಮ ಕೇದರ ಅಲ್ದಾ?” ಎಂದುಬಿಟ್ಟೆ. ಊರಿನಲ್ಲಿ ಅಂಜಲ್ ಸಿಗದ ದಿನ ಮುಖ ಸಿಂಡರಿಸಿಕೊಂಡು ಕೊಳ್ಳುವ ಕೇದರದ ಹೆಸರನ್ನು ಆ ಸನ್ನಿಧಿಯಲ್ಲಿ ಎತ್ತಬಾರದಾಗಿತ್ತು. ಅವರು ಸುತ್ತ ನೋಡಿ, ಆ ಅಂಗಡಿಯಲ್ಲಿ ಕುಂದಾಪ್ರ ಕನ್ನಡ ಬಲ್ಲವರು ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಉಸಿರು ಬಿಟ್ಟರು.

ಮನೆಗೆ ಮರಳುವ ದಾರಿಯಲ್ಲಿ ಸ್ಥಳಪುರಾಣ. ೧೯೦೩ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಪೆಡ್ರೋ ಬಂದರಿನಲ್ಲಿ, ನಮ್ಮ ಬೈಗೆಯ ಬಳಗದ ಸಾರ್ಡೀನ್ ಮೀನು ಬಲೆಗೆ ಬೀಳದೆ ಡಬ್ಬಿಯ ಕಾರ್ಖಾನೆ ಬರಿದಾದಾಗ, ಆಲ್ಬರ್ಟ್ ಹಾಫ್‌ಹಿಲ್ ಎಂಬಾತನು ಅದುವರೆಗೆ ಹೆಚ್ಚಿನ ಜನ ಮೂಸಿಯೂ ನೋಡದಿದ್ದ ಆಲ್ಬಕೋರನ್ನು ಹಬೆಯಲ್ಲಿ ಬೇಯಿಸಲು, ಮಾಂಸವು ಬೆಳ್ಳಗಾಗಿ ರುಚಿಯಲ್ಲಿ ಕೋಳಿಯನ್ನು ಹೋಲಿತಂತೆ; ಆ ಹೋಲಿಕೆಯ ಬಲದಿಂದಲೇ ಮೀನು ದೇಶದಲ್ಲೆಲ್ಲಾ ಮಾರಾಟವಾಯಿತಂತೆ. ಮೀನನ್ನು ಕೋಳಿಯೆಂದು ಹೊಗಳಿಸಿಕೊಂಡು ಬದುಕಬೇಕಾದ ದುರವಸ್ಥೆ ನಮ್ಮ ಬಂಗುಡೆಗೆ ಎಂದೂ ಬಂದಿಲ್ಲವೆಂದು ನನಗನ್ನಿಸಿತು. ಅನ್ನಿಸಿದ್ದನ್ನು ಹೇಳುವ ಧೈರ್ಯ ಬರಲಿಲ್ಲ. ಡಬ್ಬಿಯ ತೂಕ ಅವರ ಇನ್ನೊಂದು ದುಃಖ. ತಾವು ಬಂದಾಗ ೬.೫ ಔನ್ಸು ಇದ್ದುದು ೬ಕ್ಕೆ ಇಳಿದು, ಈಗ ೫ಕ್ಕೆ ಬಂದು ನಿಂತಿದೆಯೆಂದು ಹೇಳುವಾಗ, ಧರ್ಮದೇವತೆಯ ಕಾಲುಗಳು ಯುಗಯುಗಕ್ಕೂ ಒಂದೊಂದಾಗಿ ಕುಂಟಿದ ಕಥೆಯನ್ನು ಹೇಳುವ ಪುರಾಣಿಕರ ವಿಷಾದವು ಅವರ ಕಂಠದಲ್ಲಿ ತುಂಬುತ್ತಿತ್ತು.

ಡಬ್ಬಿಯನ್ನು ತೆರೆಯುವುದಕ್ಕೆ ಅವರಲ್ಲಿ ಒಂದು ಓಪನರ್ ಇದೆ, ೧೯೭೪ರದು. ಅದರ ಹಿಡಿಯ ಬಣ್ಣ ಸವೆದು ಕಬ್ಬಿಣವು ಕಾಣುತ್ತದೆ. ಉಂಗುರವೆಳೆದು ತೆರೆಯುವ ಡಬ್ಬಿಗಳನ್ನು ಅವರು ಕೊಳ್ಳುವುದೇ ಇಲ್ಲ. ಡಬ್ಬಿಗೆ ೧೮೧೦ರಲ್ಲಿಯೇ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರಕಿದ್ದರೂ, ಅಮೆರಿಕದಲ್ಲಿ ಎಜ್ರಾ ವಾರ್ನರ್ ಎಂಬಾತನ ಓಪನರಿಗೆ ಪೇಟೆಂಟ್ ದೊರಕಿದ್ದು ೧೮೫೮ರಲ್ಲಿ ಎಂದು ಅವರು ಹೇಳಿದಾಗ, “ಅಲ್ಲಿಯವರೆಗೆ?” ಎಂದು ಕೇಳಿದೆನು. “ಉಳಿ, ಸುತ್ತಿಗೆ” ಎಂದರು. ಆ ದಿನ ಮಧ್ಯಾಹ್ನ ಒಂದೂವರೆಯಾದರೂ ಎಲೆ ಬೀಳದೆ ಕುಳಿತಿದ್ದ ನನಗೆ, ಉಳಿ ಸುತ್ತಿಗೆಗಳ ಕಾಲದವರು ನನಗಿಂತ ಬೇಗ ಉಂಡಿರಬೇಕೆಂದು ತೋರಿತು.

ಇಷ್ಟನ್ನೆಲ್ಲ ನಾನು ಕ್ಷಮಿಸಬಲ್ಲೆನು. ಕ್ಷಮಿಸಲಾಗದುದು ನೀರಿನ ಪ್ರಕರಣ.

ಡಬ್ಬಿಯ ಮೀನು ನೀರಿನಲ್ಲಿ ಮುಳುಗಿರುತ್ತದೆ. ಸಾಮಾನ್ಯ ಜನರು ಮುಚ್ಚಳವನ್ನು ಅರ್ಧ ತೆರೆದು, ಅದನ್ನೇ ಬೆರಳಿನಿಂದ ಒತ್ತಿ, ನೀರನ್ನು ಚೆಲ್ಲಿ ಕೈಬಿಡುತ್ತಾರೆ. ಭಾವನವರು ಜೀವಮಾನವಿಡೀ ಸೇತುವೆಗಳಿಂದ ಮಳೆನೀರನ್ನು ಹೊರಗಟ್ಟಿದವರು. ನಿಂತ ನೀರನ್ನು ಕಂಡರೆ ಅವರಿಗೆ ಕುಸಿತದ ಸ್ವಪ್ನ ಬೀಳುವುದು. ಮೊದಲು ಮುಚ್ಚಳದಿಂದ ಒತ್ತುವರು. ಬಳಿಕ ಜಾಲರಿಯಲ್ಲಿ ಸುರಿದು ಚಮಚದ ಬೆನ್ನಿನಿಂದ ಒತ್ತುವರು. ಆಮೇಲೆ ಅಕ್ಕನು ಮೊಸರು ಕಟ್ಟಿ ತೂಗಹಾಕುವುದಕ್ಕೆಂದು ಇಟ್ಟುಕೊಂಡ ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ತಟ್ಟೆಯ ಮೇಲಿಟ್ಟು, ಅದರ ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಒರಳಿನ ಗುಂಡನ್ನು ಹೇರುವರು. ಈ ಗುಂಡಿಗೆ ಒಂದು ಇತಿಹಾಸವುಂಟು. ಮದುವೆಯಾಗಿ ಬರುವಾಗ ಅಕ್ಕನು ಮಸಾಲೆ ಅರೆಯಲೆಂದು ಚಿಕ್ಕದೊಂದು ಒರಳನ್ನೂ ಗುಂಡನ್ನೂ ಸೀರೆಗಳ ನಡುವೆ ಸುತ್ತಿ, ಸಮುದ್ರ ದಾಟಿಸಿ ತಂದಿದ್ದಳು. ಮಿಕ್ಸಿ ಬಂದ ಮೇಲೆ ಒರಳು ಹಿತ್ತಿಲಿನಲ್ಲಿ ಹೂವಿನ ಕುಂಡವಾಯಿತು, ಗುಂಡು ಭಾವನವರ ಪಾಲಾಯಿತು.

ಗುಂಡು ಗುಂಡಗಿರುವುದರಿಂದ ಯಾರಾದರೂ ಹಿಡಿದುಕೊಳ್ಳಬೇಕು. ಇಪ್ಪತ್ತು ನಿಮಿಷ. ಒಂದು ಭಾನುವಾರ ಆ ಕೈಂಕರ್ಯವು ನನಗೆ ಒದಗಿತು. ನಾನು ಮೂವತ್ತೈದು ವರ್ಷ ಹುಡುಗರಿಗೆ ಏಕಾಗ್ರತೆಯ ವಿಷಯವಾಗಿ ಉಪದೇಶಿಸಿದವನು. ಗುಂಡಿನ ಮೇಲೆ ಅಂಗೈಯಿಟ್ಟು ನಿಂತು, ಬಟ್ಟೆಯಿಂದ ತೊಟ್ಟು ತೊಟ್ಟಾಗಿ ಜಿನುಗುವ ಮೀನಿನ ನೀರನ್ನು ನೋಡುತ್ತ, ಧಾರಾಪಾತ್ರೆಯ ಕೆಳಗಿನ ಶಿವಲಿಂಗದ ನೆನಪಾಗಿ, ಅಲ್ಲಿಂದ ಊರಿನ ಕೋಟೇಶ್ವರದ ಕೊಡಿಹಬ್ಬದ ನೆನಪಾಗಿ, ಹಬ್ಬದ ಜನಜಂಗುಳಿಯಲ್ಲಿ ಸಂಚರಿಸುತ್ತಿರುವಾಗ ಕಿಟಕಿಯ ಹೊರಗೆ ಅಳಿಲೊಂದು ಬಾಲವೆತ್ತಿ ಓಡಿತು. ಆ ದೇಶದ ಅಳಿಲುಗಳು ನಮ್ಮವಕ್ಕಿಂತ ದೊಡ್ಡವು. ಬೆನ್ನಿನ ಮೇಲೆ ರಾಮನ ಬೆರಳಿನ ಗುರುತೂ ಇಲ್ಲ. ಇದನ್ನು ಪರೀಕ್ಷಿಸಲೆಂದು ನಾನು ಕತ್ತನ್ನು ಎಷ್ಟು ತಿರುಗಿಸಿದೆನೋ ಗುಂಡೂ ಅಷ್ಟೇ ತಿರುಗಿ, ತಟ್ಟೆಯಿಂದ ಜಾರಿ, ಮೇಜಿನ ಅಂಚಿನಲ್ಲಿ ಕ್ಷಣಕಾಲ ಧರ್ಮಸಂಕಟದಲ್ಲಿ ನಿಂತು, ನನ್ನ ಎಡಗಾಲಿನ ಹೆಬ್ಬೆರಳಿನ ಮೇಲೆ ನ್ಯಾಯತೀರ್ಮಾನ ಮಾಡಿತು. ನಾನು ಇಟ್ಟ ಕೂಗಿಗೆ ಅಕ್ಕನು ಮಹಡಿಯಿಂದಲೂ ಭಾವನವರು ಗ್ಯಾರೇಜಿನಿಂದಲೂ ಓಡಿಬಂದರು. ನೆಲದ ಮೇಲೆ ಕುಳಿತು ಕಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದ ನನ್ನನ್ನು ದಾಟಿ, ಮೇಜಿನ ಬಳಿಗೆ ಧಾವಿಸಿದ ಭಾವನವರು ಕೇಳಿದ ಪ್ರಶ್ನೆ ಇದು: “ಮೀನಿಗೆ ಎಂತ ಆಯ್ತ್ ಮಾರಾಯ?”

ಮೀನು ಕ್ಷೇಮವಾಗಿತ್ತು. ನನ್ನ ಉಗುರು ಕಪ್ಪಾಗಿ, ಕಳಚಿ, ಹೊಸದು ಬರುವುದಕ್ಕೆ ಉಳಿದ ಭಾನುವಾರಗಳೆಲ್ಲ ಬೇಕಾದುವು.

ಉಳಿದ ವಿಧಿಗಳನ್ನು ಬೇಗ ಹೇಳಿಬಿಡುತ್ತೇನೆ. ಸೆಲರಿಯ ನಾರು ತೆಗೆದು ಹೆಸರುಕಾಳಿನ ಗಾತ್ರಕ್ಕೆ ಹೆಚ್ಚುವುದು. ಈರುಳ್ಳಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಇಟ್ಟು ಅದರ ಉಗ್ರತೆಯನ್ನು ಶಮನಗೊಳಿಸುವುದು. ಎರಡು ಡಬ್ಬಿಗೆ ಮೂರು ದೊಡ್ಡ ಚಮಚ ಮೇಯೊನೇಸ್, ಒಂದು ಸಣ್ಣ ಚಮಚ ಡಿಜಾನ್ ಸಾಸಿವೆ. ಬ್ರೆಡ್ಡನ್ನು ಅಕ್ಕನ ದೋಸೆಕಾವಲಿಯ ಮೇಲೆ ಒಂದೇ ಬದಿ ಸುಡುವುದು, ಸುಟ್ಟ ಬದಿಯನ್ನು ಒಳಕ್ಕೆ ಮಾಡಿ ಮೀನನ್ನು ತುಂಬುವುದು. ಹೀಗೆ ಮಾಡಿದರೆ ತೇವವು ಬ್ರೆಡ್ಡಿಗೆ ಇಳಿಯದು. ಪ್ರತಿ ಭಾನುವಾರ ಕಾವಲಿ ಕೆಡುವುದೆಂದು ಅಕ್ಕನು ಸೋಮವಾರ ಅದಕ್ಕೆ ಈರುಳ್ಳಿ ಎಣ್ಣೆ ಉಜ್ಜುವಳು. ಮೇಯೊನೇಸಿನ ವಿಷಯದಲ್ಲಿ ಅವರದು ಅನನ್ಯಭಕ್ತಿ: ಹೆಲ್ಮನ್ಸ್. ಒಂದೇ ಸರಕನ್ನು ರಾಕಿ ಪರ್ವತಗಳ ಪಶ್ಚಿಮದಲ್ಲಿ ಬೆಸ್ಟ್ ಫುಡ್ಸ್ ಎಂಬ ಹೆಸರಿನಿಂದ ಮಾರುತ್ತಾರೆ. ಘಟ್ಟದ ಮೇಲೊಂದು ಹೆಸರು, ಘಟ್ಟದ ಕೆಳಗೊಂದು ಹೆಸರು ನಮ್ಮ ದೇವರುಗಳಿಗೂ ಇಲ್ಲವೆ? ಆದರೂ ಕ್ಯಾಲಿಫೋರ್ನಿಯದ ಮಗಳ ಮನೆಗೆ ಹೋಗುವಾಗ ಭಾವನವರು ಪೆಟ್ಟಿಗೆಯಲ್ಲಿ ಪೂರ್ವದೇಶದ ಬಾಟಲಿಯನ್ನೇ ಒಯ್ಯುವರು. ಪಕ್ಕದ ಮನೆಯ ಮುದುಕರೊಬ್ಬರು ಅಯೋವಾ ಪ್ರಾಂತದವರು. ಅವರು ಸಿಹಿ ಸೌತೆಯ ಉಪ್ಪಿನಕಾಯಿಯನ್ನೂ ಬೇಯಿಸಿದ ಮೊಟ್ಟೆಯನ್ನೂ ಸೇರಿಸುವ ಸಂಪ್ರದಾಯಕ್ಕೆ ಸೇರಿದವರು. ಬೇಲಿಯ ಆಚೆ ಈಚೆ ನಿಂತು ಈ ಇಬ್ಬರು ವೃದ್ಧರು ನಡೆಸುತ್ತಿದ್ದ ವಾಕ್ಯಾರ್ಥವನ್ನು ಕೇಳಿದ ಮೇಲೆ, ದ್ವೈತಾದ್ವೈತಗಳ ವಾದವು ಎಂಟು ಶತಮಾನ ಬಗೆಹರಿಯದೆ ಉಳಿದದ್ದು ನನಗೆ ಆಶ್ಚರ್ಯವಾಗಿ ಕಾಣಲಿಲ್ಲ.

ಒಂದು ರಹಸ್ಯವನ್ನು ಇಲ್ಲಿ ಹೊರಗೆಡಹಬೇಕಾಗಿದೆ. ಭಾವನವರು ಕನ್ನಡ ನಿಯತಕಾಲಿಕಗಳನ್ನು ಓದುವುದಿಲ್ಲವೆಂಬ ಭರವಸೆಯ ಮೇಲೆ ಹೇಳುತ್ತಿದ್ದೇನೆ. ಅವರು ಮೀನು ಕಲಸಿ, ಬ್ರೆಡ್ಡು ಸುಡಲೆಂದು ಒಲೆಯ ಕಡೆಗೆ ತಿರುಗಿ, ಗೋಧಿಯ ಬ್ರೆಡ್ಡಿಗೂ ರೈ ಬ್ರೆಡ್ಡಿಗೂ ಇರುವ ತಾರತಮ್ಯವನ್ನು ನನಗೆ ವಿವರಿಸುತ್ತಿರುವಾಗ, ಅವರ ಬೆನ್ನ ಹಿಂದೆ ಅಕ್ಕನು ಜಾಡಿಯಿಂದ ಮಾವಿನಮಿಡಿ ಉಪ್ಪಿನಕಾಯಿಯ ರಸವನ್ನು ಒಂದು ಚಮಚ ತೆಗೆದು, ಬಟ್ಟಲಿಗೆ ಬಿಟ್ಟು, ಎರಡು ಸುತ್ತು ತಿರುವಿ, ಚಮಚವನ್ನು ಸೆರಗಿನೊಳಗೆ ಅಡಗಿಸಿದಳು. ನನ್ನ ಹುಬ್ಬು ಮೇಲೇರಿದ್ದನ್ನು ಕಂಡು, “ಹೇಳ್ಬೇಡ” ಎಂದು ಕಣ್ಣಿನಲ್ಲೇ ಗದರಿದಳು. ಊಟದ ಮೇಜಿನಲ್ಲಿ ಭಾವನವರು ಮೊದಲ ತುತ್ತನ್ನು ಕಣ್ಣು ಮುಚ್ಚಿ ಅಗಿದು, “ಕಂಡ್ಯಾ? ಇದು ಡಿಜಾನಿನ ಮಹಿಮೆ” ಎಂದರು. ಸ್ಯಾಂಡ್‌ವಿಚ್ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯಲಾರೆನು. ಅದೇ ಒಂದು ಗಂಟೆ ಹತ್ತು ನಿಮಿಷದಲ್ಲಿ ಅಕ್ಕನು ಅನ್ನ, ಸಾರು, ಎರಡು ಪಲ್ಯ ಮಾಡಿ, ಬಟ್ಟೆ ಒಣಗಿಸಿ ಮಡಚಿಟ್ಟಿದ್ದಳು. ಅವುಗಳ ಮಹಿಮೆ ಯಾವುದೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಂದು ಪಾತ್ರೆ ಒರೆಸುವಾಗ ನಾನು ನನ್ನ ಹೆಬ್ಬೆರಳಿನ ಪರವಾಗಿ ಸ್ವಲ್ಪ ಕಟುವಾಗಿ ಮಾತಾಡಿರಬೇಕು. ಅಕ್ಕನು ಕೆಲಹೊತ್ತು ಸುಮ್ಮನಿದ್ದು, ಏಳನೆಯ ಪಾತ್ರೆಯನ್ನು ತೊಳೆಯುತ್ತ ಹೇಳಿದಳು. ೧೯೭೪ರ ಚಳಿಗಾಲದಲ್ಲಿ ಎಂಟು ಡಾಲರು ಕೈಯಲ್ಲಿಟ್ಟುಕೊಂಡು ಭಾವನವರು ಓದಲೆಂದು ಒಹಾಯೊಗೆ ಬಂದಿಳಿದಾಗ, ಅವರ ತಾಯಿ ಪೆಟ್ಟಿಗೆಯ ತಳದಲ್ಲಿ ಒಣಮೀನಿನ ಪೊಟ್ಟಣವೊಂದನ್ನು ಇಟ್ಟಿದ್ದರಂತೆ. ಬಾಡಿಗೆ ಕೋಣೆಗೆ ಬಂದ ಮೂರನೆಯ ದಿನ, ಮನೆಯ ನೆನಪು ತಡೆಯದೆ, ಮನೆಯೊಡತಿಯ ಒಲೆಯಲ್ಲಿ ಅದನ್ನು ಹುರಿದರಂತೆ. ಹೊರಗೆ ಹಿಮ ಬೀಳುತ್ತಿರಲು, ಆ ಮನೆಯ ಒಂದೊಂದು ಕಿಟಕಿಯೂ ತೆರೆದುಕೊಂಡಿತು. ಮಾರನೆಯ ದಿನದಿಂದ ಒಲೆ ಹಚ್ಚಲು ಅವರಿಗೆ ಅಪ್ಪಣೆಯಿಲ್ಲ. ಬೆಂಕಿಯಿಲ್ಲದೆ ತಿನ್ನಬಹುದಾದ ಮೀನು ಡಬ್ಬಿಯದೊಂದೇ. ಓಪನರನ್ನು ಕೊಂಡದ್ದು ಆ ವಾರ. ಬೆಳಗಿನ ಆರಕ್ಕೆ ಕಟ್ಟಿಕೊಂಡ ಸ್ಯಾಂಡ್‌ವಿಚ್ ಮಧ್ಯಾಹ್ನ ಬಿಚ್ಚುವ ಹೊತ್ತಿಗೆ ನೀರೊಡೆದು, ಬ್ರೆಡ್ಡು ಹಿಟ್ಟಿನ ಮುದ್ದೆಯಾಗಿ, ಜೊತೆಯ ವಿದ್ಯಾರ್ಥಿಗಳ ಮುಂದೆ ಬೆರಳುಗಳ ನಡುವಿನಿಂದ ಜಾರುತ್ತಿತ್ತಂತೆ. ಆಗ ಕಲಿತದ್ದು ಈ ಒತ್ತುವ ವಿದ್ಯೆ. ಒಂದೂವರೆ ವರ್ಷ ಅದನ್ನೇ ತಿಂದರು. ತಾಯಿಗೆ ಮಾತ್ರ, “ಇಲ್ಲಿ ಮೀನು ಸಿಗುತ್ತದೆ, ದಿನವೂ ತಿನ್ನುತ್ತಿದ್ದೇನೆ” ಎಂದು ಬರೆಯುತ್ತಿದ್ದರು. ಅಕ್ಷರಶಃ ನಿಜ. ಆ ತಾಯಿ ಕಾಗದವನ್ನು ಕೇರಿಯಲ್ಲೆಲ್ಲ ಓದಿಸಿದರು; ಮದುವೆಯ ಪ್ರಸ್ತಾಪ ನಮ್ಮ ಮನೆಗೆ ಬಂದಾಗ ಮಧ್ಯಸ್ಥರು ಅಪ್ಪಯ್ಯನಿಗೆ ಹೇಳಿದ ಮೊದಲ ಮಾತು, “ಹುಡುಗನಿಗೆ ಅಮೆರಿಕದಲ್ಲಿ ದಿನಾ ಮೀನ್ ಊಟ” ಎಂಬುದೇ ಆಗಿತ್ತು. ಅದು ನನಗೂ ನೆನಪಿದೆ. ಹುಡುಗ ಸ್ಥಿತಿವಂತನೆಂದು ಅಪ್ಪಯ್ಯ ತಿಳಿದರು.

“ನಾನ್ ಬಂದ ಮೇಲೆ ಬಂಗುಡೆ ಸಾರ್ ಮಾಡ್ದೆ,” ಎಂದಳು ಅಕ್ಕ, “ಉಂಡ್ರು. ಉಂಡ್ ಆದ್ಮೇಲೆ, ಆಯ್ತ್ವಾರ ಮಾತ್ರ ನಂಗ್ ಬಿಡ್, ಅಂದ್ರು.”

ಇದನ್ನು ಕೇಳಿದ ಮೇಲೆ ನನ್ನ ಮನಸ್ಸು ಕರಗಿತೆಂದು ಬರೆಯಬೇಕು; ಕರಗಿತು ಕೂಡ, ಮುಂದಿನ ಭಾನುವಾರದವರೆಗೆ. ಅಂದು ಅವರು ನನ್ನ ಕೈಗೆ ಸೆಲರಿಯನ್ನು ಕೊಟ್ಟು, ನಾನು ಹೆಚ್ಚಿದ ಹೋಳುಗಳನ್ನು ಕನ್ನಡಕದ ಮೇಲಿಂದ ನೋಡಿ, “ಇದು ಹೆಸರುಕಾಳಾ, ಹಲಸಿನ ಬೀಜವಾ?” ಎಂದ ಕ್ಷಣ, ಕರಗಿದ್ದು ಮತ್ತೆ ಗಟ್ಟಿಯಾಯಿತು. ಊರಿಗೆ ಮರಳಿದ ಮೇಲೆ ನನ್ನ ಹೆಂಡತಿ ಸೌತೆಕಾಯಿಯ ಕೋಸಂಬರಿಗೆ ಉಪ್ಪು ಹಾಕಿ ಹಾಗೆಯೇ ಇಟ್ಟಿದ್ದನ್ನು ಕಂಡು, ನೀರನ್ನು ಒತ್ತಿ ತೆಗೆಯಬೇಕೆಂಬ ವಿಷಯವಾಗಿ ನಾನು ಕಾಲು ಗಂಟೆ ಮಾತಾಡಿದೆನಂತೆ. ಮಾತಿಗೆ ಮುನ್ನ ಕನ್ನಡಕ ಒರೆಸಿಕೊಂಡೆನೆಂದೂ ಅವಳು ಹೇಳುತ್ತಾಳೆ, ಅದು ಸುಳ್ಳಿರಬೇಕು.

ಹೊರಡುವ ದಿನ ಸೋಮವಾರವಲ್ಲದಂತೆ ನೋಡಿಕೊಂಡು ಟಿಕೇಟು ಮಾಡಿಸಿದವರು ಭಾವನವರೇ. ಬೆಳಗಿನ ನಾಲ್ಕಕ್ಕೆ ಎದ್ದು, ಗುಂಡನ್ನು ತಾವೇ ಹಿಡಿದು ನಿಂತು, ಮೀನನ್ನು ಒಂದು ಡಬ್ಬಿಯಲ್ಲಿ, ಒಂದೇ ಬದಿ ಸುಟ್ಟ ಬ್ರೆಡ್ಡುಗಳನ್ನು ಕಾಗದದಲ್ಲಿ, ಪ್ರತ್ಯೇಕವಾಗಿ ಕಟ್ಟಿಕೊಟ್ಟು, ತಿನ್ನುವ ಕ್ಷಣಕ್ಕೆ ಮುಂಚೆ ಜೋಡಿಸಬಾರದೆಂದು ಮನೆಯಲ್ಲೊಮ್ಮೆ, ಕಾರಿನಲ್ಲೊಮ್ಮೆ, ವಿಮಾನನಿಲ್ದಾಣದ ಬಾಗಿಲಲ್ಲೊಮ್ಮೆ ಹೇಳಿದರು. ತಪಾಸಣೆಯಲ್ಲಿ ನನ್ನ ಚೀಲ ಪಕ್ಕಕ್ಕೆ ಸರಿಯಿತು. ಸಮವಸ್ತ್ರದ ಅಧಿಕಾರಿಯೊಬ್ಬರು ಡಬ್ಬಿಯನ್ನು ತೆರೆದು, ವಾಲಿಸಿ ನೋಡಿದರು. ಒಳಗಿನದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅವರು ಇನ್ನಷ್ಟು ವಾಲಿಸಿದರು. ಬಂಡೆಯ ಹಾಗೆ ನಿಂತಿತು. ನಲವತ್ತು ವರ್ಷದ ಸಾಧನೆ ಅದು. ಆದರೆ ೧೦೦ ಮಿಲಿಲೀಟರಿಗೆ ಮೀರಿದ ದ್ರವವಾಗಲಿ, ಲೇಪನವಾಗಲಿ ಒಳಗೆ ಹೋಗಕೂಡದು. ಅಧಿಕಾರಿಯು ಮೇಲಿನವರೊಬ್ಬರನ್ನು ಕರೆದರು. ಅವರು ಬಂದು, ಮೂಸಿ, ಸಿಹಿ ಉಪ್ಪಿನಕಾಯಿ ಇದೆಯೇ ಎಂದು ಕೇಳಿ, ಇಲ್ಲವೆಂದಾಗ ಮೆಚ್ಚುಗೆಯಿಂದ ತಲೆಯಾಡಿಸಿ, ಮೇಯೊನೇಸ್ ಇರುವುದರಿಂದ ದ್ರವವೆಂದು ತೀರ್ಪು ಕೊಟ್ಟು, ತೊಟ್ಟಿಯೊಳಗೆ ಹಾಕಿದರು.

ಒಳಗೆ ಹೋಗಿ ಕುಳಿತ ಮೇಲೆ ಫೋನು ಬಂತು. ದೂರದಿಂದ ನೋಡಿದ್ದರೆಂದು ತೋರುತ್ತದೆ.

“ಎಂತ ಹೇಳ್ದ ಅವ?”

“ದ್ರವ ಅಂದ, ಭಾವ.”

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಅಕ್ಕನು ಏನೋ ಕೇಳಿದ್ದು, ಅವರು ಉತ್ತರಿಸದಿದ್ದದ್ದು ಕೇಳಿಸಿತು. ಕಡೆಗೆ, “ಇಪ್ಪತ್ತೈದ್ ನಿಮಿಷ ಗುಂಡಿನ್ ಅಡಿಗಿತ್ತಲ್ಲ ಮಾರಾಯ” ಎಂದರು.

ಅಟ್ಲಾಂಟಿಕ್ ಸಮುದ್ರದ ಮೇಲೆ ಎಲ್ಲಿಯೋ, ದೀಪಗಳು ಆರಿದ ಮೇಲೆ, ಕಾಗದವನ್ನು ಬಿಚ್ಚಿದೆನು. ಬ್ರೆಡ್ಡು ಎರಡು ತುಂಡು ಇದ್ದುವು. ಸುಟ್ಟ ಬದಿಗಳನ್ನು ಒಳಕ್ಕೆ ಮಾಡಿ ಒಂದರ ಮೇಲೊಂದು ಜೋಡಿಸಿ,—ತಿನ್ನುವ ಕ್ಷಣಕ್ಕೆ ಮುಂಚೆ ಅಲ್ಲ,—ತಿಂದೆನು. ಒಂದಿಷ್ಟೂ ತೇವವಾಗಿರಲಿಲ್ಲ.